ಐವರು ಇರುವಾಗ ಆರನೇ ಫಾರ್ವರ್ಡ್ ಯಾಕೆ?

ಗೋಣಿಕೊಪ್ಪ ಬ್ಲೂ

ನಮ್ಮ ಕ್ಲಬ್ಬಿನವರು ಈ ಸಲದ ಓಪನ್ ಹಾಕಿ ನಾಕೌಟ್‌ಗೆ ಇನ್ನೊಬ್ಬ ಫಾರ್ವರ್ಡನ್ನು ಸೇರಿಸಿಕೊಂಡಿದ್ದಾರೆ. ವಯಸ್ಸು 28. ಬೆಂಗಳೂರಿನಲ್ಲಿ ಲೀಗ್ ಆಡಿದವನು, ಆಡಿದ್ದೆಲ್ಲ ಟರ್ಫ್ (ಕೃತಕ ಹುಲ್ಲಿನ ಮೈದಾನ) ಮೇಲೆ. ರೈಟ್ ವಿಂಗ್, ಸೆಂಟರ್ ಎರಡೂ ಆಗುತ್ತೆ. ಗೋಲು ಹೊಡೆಯುವವ ಅಂತ ಹೆಸರಿಲ್ಲ. ಯಾರು ಅಂತ ಇಲ್ಲಿ ಬರೆಯುವುದು ಬೇಡ, ಗೊತ್ತಿರುವವರೂ ದಯವಿಟ್ಟು ಬರೆಯಬೇಡಿ. ಹುಡುಗನ ಬಗ್ಗೆ ಅಲ್ಲ, ನಿರ್ಧಾರದ ಬಗ್ಗೆ ಮಾತಾಡೋಣ.

ಈಗ ಪಟ್ಟಿ ಹೀಗಿದೆ: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 6 ಫಾರ್ವರ್ಡ್. ಒಟ್ಟು 18. ಪಂದ್ಯ 15 ನಿಮಿಷದ ನಾಲ್ಕು ಕ್ವಾರ್ಟರ್. ಕೊನೆಯವರೆಗೆ ಹೋದರೆ ಏಳು ದಿನದಲ್ಲಿ ಐದು ಪಂದ್ಯ. ಮೊದಲ ಮೂರು ಸುತ್ತು ಮಣ್ಣಿನ ಮೈದಾನ, ಸೆಮಿ ಮತ್ತು ಫೈನಲ್ ಟರ್ಫ್.

ನನ್ನ ತಕರಾರು ಎರಡು. ಒಂದು, ನಮಗೆ ಕೊರತೆ ಇದ್ದದ್ದು ಪೆನಾಲ್ಟಿ ಕಾರ್ನರ್ ಸಿಕ್ಕಾಗ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುವ ಡ್ರ್ಯಾಗ್ ಫ್ಲಿಕ್ಕರ್‌ದು, ಫಾರ್ವರ್ಡ್‌ದಲ್ಲ. ಎರಡು, ಕ್ರೀಡಾಶಾಲೆಯಿಂದ ಬಂದ 19 ವರ್ಷದ ಹುಡುಗ ಐದನೇ ಫಾರ್ವರ್ಡ್ ಆಗಿ ಈಗಷ್ಟೇ ಜಾಗ ಹಿಡಿದಿದ್ದ. ಹೊರಗಿನವನು ಬಂದರೆ ಹೋಗುವುದು ಅವನ ನಿಮಿಷಗಳೇ. ಈ ಸೇರ್ಪಡೆ ಸರಿಯೇ? ಸರಿ ಅನ್ನುವವರು ಕಾರಣ ಹೇಳಿ.

ಬೇಸ್‌ಲೈನ್

ಗೋಲಿನ ಲೆಕ್ಕ ಆಮೇಲೆ. ಮೊದಲು ನಿಮಿಷದ ಲೆಕ್ಕ ಹಾಕಿ.

ಮುಂದೆ ಮೂವರು ಆಡುವ ಪದ್ಧತಿಯಲ್ಲಿ ಒಂದು ಪಂದ್ಯಕ್ಕೆ 180 ಫಾರ್ವರ್ಡ್ ನಿಮಿಷ ಬೇಕು. ನಾಲ್ವರು ಹಂಚಿಕೊಂಡರೆ ತಲಾ 45, ಐವರಾದರೆ 36, ಆರು ಜನರಾದರೆ 30. ನಾಲ್ವರಿದ್ದಾಗ ಒಬ್ಬೊಬ್ಬ ಆರು ನಿಮಿಷ ಆಡಿ ಎರಡೇ ನಿಮಿಷ ಕೂರುತ್ತಾನೆ. ಎರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ, ಕಾಲು ಬರುವುದಿಲ್ಲ. ಐವರಿದ್ದರೆ ಆರು ನಿಮಿಷ ಆಟ, ನಾಲ್ಕು ನಿಮಿಷ ಬೆಂಚು. ಮೂರು ಜನ ಮುಂದೆ ಆಡುವ ತಂಡಕ್ಕೆ ಇದಕ್ಕಿಂತ ಹದವಾದ ಲೆಕ್ಕ ಇಲ್ಲ. ಆರು ಜನರನ್ನೂ ಒಂದೇ ಪಂದ್ಯದಲ್ಲಿ ತಿರುಗಿಸಿದರೆ ಯಾರಿಗೂ ಆಟದ ಲಯ ಸಿಗುವುದಿಲ್ಲ, ಐದು ನಿಮಿಷಕ್ಕೊಮ್ಮೆ ಬೆಂಚಿಗೆ ಬರುವುದೇ ಕೆಲಸವಾಗುತ್ತದೆ.

ಹಾಗಾದರೆ ಆರನೆಯವನು ಯಾಕೆ? ಅವನು ಪಂದ್ಯಕ್ಕಲ್ಲ, ವಾರಕ್ಕೆ. ಐದು ಪಂದ್ಯಕ್ಕೆ 900 ಫಾರ್ವರ್ಡ್ ನಿಮಿಷ. ಐವರೇ ಹೊತ್ತರೆ ತಲಾ 180, ಆರು ಜನ ಹೊತ್ತರೆ ತಲಾ 150. ಅಂದರೆ ಪ್ರತಿಯೊಬ್ಬನಿಗೂ ಹೆಚ್ಚು ಕಡಿಮೆ ಒಂದು ಪಂದ್ಯದ ಬಿಡುವು. ನಾಕೌಟ್‌ನಲ್ಲಿ ನಾಲ್ಕನೇ ಪಂದ್ಯದ ಹೊತ್ತಿಗೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವುದು ಈ ಬಿಡುವು ಸಿಗದವರಿಗೇ. ಪ್ರತಿ ಪಂದ್ಯಕ್ಕೆ ಐವರನ್ನು ಮಾತ್ರ ತಿರುಗಿಸಿ, ಆರನೆಯವನನ್ನು ಸರದಿ ಮೇಲೆ ಹೊರಗಿಡಿ. 19ರ ಹುಡುಗನೂ ಈ ಸರದಿಯಲ್ಲಿ ಒಬ್ಬ. ಅವನ ಜಾಗ ಹೋಗುವುದಿಲ್ಲ, ಭಾರ ಇಳಿಯುತ್ತದೆ.

ಇನ್ನೊಂದು ನಮ್ಮೂರಿಗೇ ಸೇರಿದ ಕಾರಣ. ಅರೇಬಿಕಾ ಕೊಯ್ಲು ಮುಗಿಯುತ್ತಿದ್ದಂತೆ ರೋಬಸ್ಟಾ ಶುರು. ವಾರದ ದಿನ ಮಧ್ಯಾಹ್ನ ಎರಡು ಗಂಟೆಗೆ ಪಂದ್ಯ ಅಂದರೆ ತೋಟ ಇರುವ ಮನೆಯ ಹುಡುಗರಲ್ಲಿ ಒಬ್ಬಿಬ್ಬರು ತಪ್ಪಿಯೇ ತಪ್ಪುತ್ತಾರೆ. ಬೇಸಿಗೆ ಬಂತೆಂದರೆ ಅವರವರ ಒಕ್ಕದ (ಕೊಡವ ಮನೆತನದ) ಪರವಾಗಿ ಕೌಟುಂಬಿಕ ಹಾಕಿ ಟೂರ್ನಿ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದದ್ದು 2024ರಲ್ಲಿ ನಾಪೋಕ್ಲುವಿನಲ್ಲಿ 360ಕ್ಕೆ ಮುಟ್ಟಿತು. ಆ ದಿನಗಳಲ್ಲಿ ಯಾವ ಕ್ಲಬ್ಬೂ ತನ್ನ ಹುಡುಗರನ್ನು ಹಿಡಿದಿಡಲು ಆಗುವುದಿಲ್ಲ, ಹಿಡಿದಿಡಲೂಬಾರದು. ಹೊರಗಿನಿಂದ ಬಂದ ಒಬ್ಬ ಫಾರ್ವರ್ಡ್ ಆಗ ಕ್ಲಬ್ಬಿಗೆ ಸಿಗುತ್ತಾನೆ.

ಮಣ್ಣಿನ ಮೈದಾನ

ಬೇಸ್‌ಲೈನ್ ಅವರ ಲೆಕ್ಕ ಸರಿ. ಆದರೆ ಆ ಲೆಕ್ಕದಲ್ಲಿ ಆರು ಜನರೂ ಒಂದೇ ತೂಕದವರು ಅಂತ ಇಟ್ಟುಕೊಂಡಿದ್ದೀರಿ. ಮೊದಲ ಮೂರು ಸುತ್ತು ಮಣ್ಣಿನಲ್ಲಿ. ಟರ್ಫ್‌ನಲ್ಲೇ ಬೆಳೆದವನು ಅಲ್ಲಿ ಅರ್ಧ ಆಟಗಾರ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಚೆಂಡು ತಡೆಯುವುದರಿಂದಲೇ ತೊಂದರೆ ಶುರು. ನೀರು ಹಾಕಿದ ಟರ್ಫ್‌ನಲ್ಲಿ ಚೆಂಡು ನೆಲಕ್ಕಂಟಿ ಬರುತ್ತದೆ, ಆದ್ದರಿಂದ ಮಂಡಿ ಬಗ್ಗಿಸಿ ಸ್ಟಿಕ್ಕನ್ನು ನೆಲದ ಮೇಲೆ ಅಡ್ಡ ಮಲಗಿಸಿ ತಡೆಯುತ್ತಾರೆ. ಮಣ್ಣಿನಲ್ಲಿ ಹಾಗೆ ಮಲಗಿಸಿದರೆ ಕೊನೆಯ ಒಂದು ಅಡಿಯಲ್ಲಿ ಚೆಂಡು ಕಲ್ಲಿಗೋ ಹುಲ್ಲಿನ ಬುಡಕ್ಕೋ ತಾಗಿ ಸ್ಟಿಕ್ಕಿನ ಮೇಲಿಂದ ಹಾರಿ ಮೊಣಕಾಲಿಗೆ ಬಡಿಯುತ್ತದೆ. ಇಲ್ಲಿ ಸ್ಟಿಕ್ ನೆಟ್ಟಗೆ ಬೇಕು, ಎಡಗೈ ಮುಂದಿರಬೇಕು, ಹಿಡಿತ ಸಡಿಲ ಇರಬೇಕು. ಚೆಂಡು ತಾಗಿದ ಕೂಡಲೇ ಸ್ಟಿಕ್ಕನ್ನು ಎರಡು ಮೂರು ಇಂಚು ಹಿಂದಕ್ಕೆ ಬಿಟ್ಟುಕೊಡಬೇಕು.

ಸ್ಟಿಕ್ಕಿನ ವಿಷಯವೂ ಇದೆ. ಟರ್ಫ್ ಆಡುವವರ ಕೈಯಲ್ಲಿರುವುದು 90 ಶೇಕಡಾ ಮೇಲ್ಪಟ್ಟ ಕಾರ್ಬನ್, ಬಾಗು ಕೆಳಗಿರುವ ಲೋ ಬೋ. ಗಟ್ಟಿ ಸ್ಟಿಕ್, ಗಟ್ಟಿ ನೆಲ, ಪುಟಿಯುವ ಚೆಂಡು ಮೂರೂ ಸೇರಿದರೆ ಮೊದಲ ಟಚ್ ಎರಡು ಮೀಟರ್ ಆಚೆ ಹೋಗುತ್ತದೆ. ಮಣ್ಣಿಗೆ 30ರಿಂದ 50 ಶೇಕಡಾ ಕಾರ್ಬನ್ ಇರುವ, ಬಾಗು ಮಧ್ಯದಲ್ಲಿರುವ ಸ್ಟಿಕ್ ಸಾಕು, ಅದೇ ಒಳ್ಳೆಯದು. ಟರ್ಫ್‌ನವರ ಮೆಚ್ಚಿನ ರಿವರ್ಸ್ ಹಿಟ್ ಇಲ್ಲಿ ಕೈಕೊಡುತ್ತದೆ. ಸ್ಟಿಕ್ಕಿನ ಅಂಚು ನೆಲ ಸವರುತ್ತಾ ಬರಬೇಕಾದ ಹೊಡೆತ ಅದು, ನೆಲ ಅರ್ಧ ಇಂಚು ಉಬ್ಬಿದ್ದರೂ ಅಂಚು ಮಣ್ಣಿಗೆ ಕಚ್ಚುತ್ತದೆ, ಮಣಿಕಟ್ಟು ತಿರುಚುತ್ತದೆ.

ಶೂ ಬಗ್ಗೆಯೂ ಯಾರೂ ಹೇಳಿಕೊಡುವುದಿಲ್ಲ. ಟರ್ಫ್ ಶೂವಿನ ಸಣ್ಣ ಗುಳ್ಳೆಗಳ ಅಡಿಗೆ ನಮ್ಮ ಕೆಂಪು ಮಣ್ಣು ಹಸಿಯಾದಾಗ ಹತ್ತು ನಿಮಿಷದಲ್ಲಿ ಮೆತ್ತಿಕೊಂಡು ಅಡಿ ಪೂರ್ತಿ ನುಣ್ಣಗಾಗುತ್ತದೆ. ತಿರುಗುವಾಗ ಜಾರುವುದು, ತೊಡೆಸಂದು ಎಳೆಯುವುದು ಇದರಿಂದಲೇ. ರಬ್ಬರ್ ಸ್ಟಡ್ ಇರುವ ಜೋಡಿ ಬೇರೆಯೇ ಬೇಕು.

ಆ 19ರ ಹುಡುಗನಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ನನ್ನ ಮಾತು ಇಷ್ಟೇ. ಮಣ್ಣಿನ ಮೂರು ಪಂದ್ಯಕ್ಕೆ ಹುಡುಗನೇ ಮೊದಲ ಐವರಲ್ಲಿ ಇರಬೇಕು, ಹೊಸಬನನ್ನು ಟರ್ಫ್‌ಗೆ ಇಟ್ಟುಕೊಳ್ಳಿ. ಆದರೆ ಎರಡೇ ಪಂದ್ಯಕ್ಕೆ, ಅದೂ ಸೆಮಿ ತಲುಪಿದರೆ ಮಾತ್ರ ಉಪಯೋಗಕ್ಕೆ ಬರುವವನಿಗೆ ಊಟ, ವಸತಿ, ಓಡಾಟ ಖರ್ಚು ಮಾಡುವುದು ನ್ಯಾಯವೇ ಅನ್ನುವುದು ನನ್ನ ಪ್ರಶ್ನೆ.

ಗೋಣಿಕೊಪ್ಪ ಬ್ಲೂ

ಮಣ್ಣಿನ ಮಾತು ಪೂರ್ತಿ ಒಪ್ಪುತ್ತೇನೆ. ಒಂದು ಮಾಹಿತಿ ಬಿಟ್ಟುಹೋಗಿತ್ತು. ಇವನು ಪೆನಾಲ್ಟಿ ಕಾರ್ನರ್ (ಪಿ.ಸಿ.) ಇಂಜೆಕ್ಟ್ ಮಾಡುತ್ತಾನೆ, ಅಂದರೆ ಬ್ಯಾಕ್‌ಲೈನ್‌ನಿಂದ ಚೆಂಡನ್ನು ಹೊಡೆಯುವವರ ಕಡೆ ತಳ್ಳಿ ಕೊಡುತ್ತಾನೆ ಅಂತ ಮ್ಯಾನೇಜರ್ ಹೇಳಿದರು. ಅದೊಂದಕ್ಕೇ ಬೇಕಿದ್ದರೆ ಬೆಂಚಿನಲ್ಲಿ ಇಟ್ಟುಕೊಂಡು ಪಿ.ಸಿ. ಸಿಕ್ಕಾಗ ಇಳಿಸಿದರೆ ಸಾಕಲ್ಲ? ಆಗ ಯಾರ ನಿಮಿಷವೂ ಹೋಗುವುದಿಲ್ಲ.

ಹತ್ತು ಮೀಟರ್ ಗುರುತು

ಆಗುವುದಿಲ್ಲ. ಪಿ.ಸಿ. ಕೊಟ್ಟ ಕ್ಷಣದಿಂದ ಅದು ಮುಗಿಯುವವರೆಗೆ ಬದಲಿ ಆಟಗಾರರಿಗೆ ಅವಕಾಶವಿಲ್ಲ. ಡಿಫೆಂಡ್ ಮಾಡುವ ತಂಡದ ಗೋಲ್‌ಕೀಪರ್‌ಗೆ ಪೆಟ್ಟಾದರೆ ಅಥವಾ ಕಾರ್ಡ್ ಬಿದ್ದರೆ ಮಾತ್ರ ವಿನಾಯಿತಿ. ಅಂಪೈರ್ ಎರಡು ಕೈಯಲ್ಲಿ ಗೋಲಿನ ಕಡೆ ತೋರಿಸಿದಾಗ ಮೈದಾನದಲ್ಲಿ ಇದ್ದವರೇ ಆ ಪಿ.ಸಿ. ಆಡಬೇಕು.

ಈ ನಿಯಮದಿಂದಲೇ ನಿಮ್ಮ ಮೊದಲ ತಕರಾರಿಗೂ ಉತ್ತರ ಸಿಗುತ್ತದೆ. ಡ್ರ್ಯಾಗ್ ಫ್ಲಿಕ್ಕರ್ ಇಲ್ಲ ಅನ್ನುತ್ತೀರಿ. ಫ್ಲಿಕ್ಕರ್ ಇದ್ದೂ ಇಂಜೆಕ್ಟರ್ ಬೆಂಚಿನಲ್ಲಿ ಕೂತಿದ್ದರೆ ಏನು ಮಾಡುತ್ತೀರಿ? ನಾಲ್ಕೈದು ಪಿ.ಸಿ. ಸಿಕ್ಕಿದ ಪಂದ್ಯದಲ್ಲಿ ಎರಡು ಹೀಗೇ ವ್ಯರ್ಥವಾಗುತ್ತವೆ. ಅಭ್ಯಾಸ ಇಲ್ಲದ ಯಾರೋ ಒಬ್ಬ ತಳ್ಳುತ್ತಾನೆ, ಆ ಚೆಂಡನ್ನು ತಡೆದು ನಿಲ್ಲಿಸುವ ಸ್ಟಾಪರ್ ಒಂದು ಹೆಜ್ಜೆ ಪಕ್ಕಕ್ಕೆ ಹೋಗಬೇಕಾಗುತ್ತದೆ, ಅಷ್ಟರಲ್ಲಿ ಗೋಲಿನಿಂದ ಓಡಿ ಬರುವ ಎದುರಾಳಿಯ ಮೊದಲ ರನ್ನರ್ ಮುಖದ ಮೇಲೆ ಇರುತ್ತಾನೆ.

ದೂರ ನೋಡಿ. ಚೆಂಡು ಇಡುವುದು ಗೋಲ್ ಕಂಬದಿಂದ ಕನಿಷ್ಠ 10 ಮೀಟರ್ ಆಚೆ, ಬ್ಯಾಕ್‌ಲೈನ್ ಮೇಲೆ. ಡಿ (ಗೋಲಿನ ಮುಂದಿನ ಅರ್ಧವೃತ್ತ) ತುದಿ ಗೋಲ್ ಗೆರೆಯಿಂದ 14.63 ಮೀಟರ್. ಸ್ಟಾಪರ್ ಅದಕ್ಕೂ ಒಂಚೂರು ಹೊರಗೆ ನಿಲ್ಲುತ್ತಾನೆ. ಓರೆಯಾಗಿ ಅಳೆದರೆ ಚೆಂಡು 18ರಿಂದ 19 ಮೀಟರ್ ಹೋಗಬೇಕು, ಅದೂ ನೆಲ ಬಿಡದೆ, ಸ್ಟಾಪರ್‌ನ ಸ್ಟಿಕ್ಕಿನ ಅರ್ಧ ಮೀಟರ್ ಒಳಗೆ. ಹೊಡೆತವಲ್ಲ ಅದು, ತಳ್ಳುವಿಕೆ. ಎಡಗಾಲು ಗುರಿಯ ಕಡೆ, ಬಲಗಾಲು ಗೆರೆಯ ಹೊರಗೆ, ಸೊಂಟ ನೆಲದ ಹತ್ತಿರ. ಚೆಂಡು ಸ್ಟಿಕ್ಕಿಗೆ ಅಂಟಿಕೊಂಡೇ ಒಂದೂವರೆ ಅಡಿ ಜೊತೆಗೆ ಸಾಗಿ ಆಮೇಲೆ ಬಿಡಬೇಕು. ಮೊದಲೇ ಬಿಟ್ಟರೆ ಚೆಂಡು ಪುಟಿಯುತ್ತದೆ, ತಡವಾಗಿ ಬಿಟ್ಟರೆ ಎಡಕ್ಕೆ ಎಳೆಯುತ್ತದೆ. ಒಂದು ಪಾದವಾದರೂ ಗೆರೆಯ ಹೊರಗಿರಬೇಕು. ತಳ್ಳಿದಂತೆ ನಟಿಸಿ ತಡೆದರೆ ಅಂಪೈರ್ ಆ ಇಂಜೆಕ್ಟರನ್ನು ಸೆಂಟರ್ ಲೈನ್ ಆಚೆ ಕಳಿಸುತ್ತಾರೆ, ಬೇರೆಯವನು ಬಂದು ತಳ್ಳಬೇಕು. ಆ ಬೇರೆಯವನಿಗೂ ಅಭ್ಯಾಸ ಇರಬೇಕಲ್ಲ.

ಆದ್ದರಿಂದ ಐವರ ಸರದಿಯಲ್ಲಿ ಇಬ್ಬರು ಇಂಜೆಕ್ಟರ್ ಇರಬೇಕು, ಇಬ್ಬರೂ ಒಟ್ಟಿಗೆ ಬೆಂಚಿಗೆ ಬರದಂತೆ ಹೊಂದಿಸಬೇಕು. ಈಗ ನಿಮ್ಮಲ್ಲಿ ಒಬ್ಬನೇ ಇದ್ದಾನೆ ಅಂದುಕೊಳ್ಳಿ. ಅವನು 60ರಲ್ಲಿ 36 ನಿಮಿಷ ಮೈದಾನದಲ್ಲಿ, 24 ನಿಮಿಷ ಹೊರಗೆ. ಆ 24 ನಿಮಿಷದಲ್ಲಿ ಬರುವ ಪಿ.ಸಿ.ಗೆ ಯಾರು ದಿಕ್ಕು? ಈ ಸೇರ್ಪಡೆಗೆ ನನ್ನ ಬೆಂಬಲ ಇದೊಂದೇ ಕಾರಣಕ್ಕೆ, ಇದೊಂದೇ ಸಾಕು ಕೂಡ.

ಮಣ್ಣಿನ ಮೈದಾನದವರಿಗೆ ಒಂದು ಮಾತು. ಮಣ್ಣಿನಲ್ಲಿ ಡ್ರ್ಯಾಗ್ ಫ್ಲಿಕ್ಕೇ ಕಷ್ಟ. ಚೆಂಡು ಸ್ಟಿಕ್ಕಿನ ದಂಡದ ಮೇಲೆ ಉರುಳುತ್ತಾ ಬರಬೇಕು, ನೆಲ ಉಬ್ಬುತಗ್ಗಾದರೆ ಮಧ್ಯದಲ್ಲೇ ಜಾರುತ್ತದೆ. ಅಲ್ಲಿ ನೇರ ಹಿಟ್ಟೇ ದಾರಿ. ಹಿಟ್ ಆದರೆ ಮೊದಲ ಹೊಡೆತ ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್ ಮೀರಬಾರದು, ಅಂದರೆ ಗೋಲಿನ ಹಿಂಬದಿಯ ಹಲಗೆಯ ಎತ್ತರ. ಹಲಗೆಗೆ ಬಡಿದು ಶಬ್ದ ಕೇಳಬೇಕು ಅಂತ ಹಳಬರು ಹೇಳುವುದು ಅದಕ್ಕೇ. ಅಲ್ಲೂ ಇಂಜೆಕ್ಷನ್ ನೆಟ್ಟಗೆ ಬಂದರೆ ಮಾತ್ರ ಹಿಟ್.

ಹಳೇ ಇನ್‌ಸೈಡ್ ಲೆಫ್ಟ್

ಬೆಂಚಿನವನು ಅಂದರೆ ಎರಡನೇ ದರ್ಜೆ ಅನ್ನುವ ಧ್ವನಿ ಕೆಲವರ ಮಾತಿನಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ.

1975ರ ಕ್ವಾಲಾಲಂಪುರ ವಿಶ್ವಕಪ್ ಸೆಮಿಫೈನಲ್. ಮಲೇಷ್ಯಾ 2-1 ಮುಂದೆ. ಬದಲಿಯಾಗಿ ಇಳಿದ ಅಸ್ಲಂ ಶೇರ್ ಖಾನ್ ಪೆನಾಲ್ಟಿ ಕಾರ್ನರ್‌ನಲ್ಲಿ ಸಮ ಮಾಡಿದರು, ಭಾರತ 3-2ರಿಂದ ಗೆದ್ದು ಫೈನಲ್‌ಗೆ ಹೋಗಿ ಕಪ್ ತಂದಿತು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆಡಿದ ತಂಡ ಅದು. ಬೆಂಚಿನಲ್ಲಿದ್ದವನು ಸಿದ್ಧನಾಗಿರದಿದ್ದರೆ ಆ ಕಪ್ ಇಲ್ಲ.

ಈಚಿನದು ಬೇಕಾದರೆ ಟೋಕಿಯೋ ಒಲಿಂಪಿಕ್ಸ್. ಸಿಮ್ರನ್‌ಜೀತ್ ಸಿಂಗ್ ಮೊದಲ 16ರ ಪಟ್ಟಿಯಲ್ಲೇ ಇರಲಿಲ್ಲ. ತಂಡವನ್ನು 18ಕ್ಕೆ ಹಿಗ್ಗಿಸಿ ಪ್ರತಿ ಪಂದ್ಯಕ್ಕೆ 16 ಜನರನ್ನು ಆರಿಸಬಹುದು ಅಂತ ಮಾಡಿದಾಗ ಒಳಗೆ ಬಂದವರು. 2021ರ ಆಗಸ್ಟ್ 5ರಂದು ಜರ್ಮನಿ ವಿರುದ್ಧ ಕಂಚಿನ ಪಂದ್ಯದಲ್ಲಿ 17ನೇ ಮತ್ತು 34ನೇ ನಿಮಿಷದಲ್ಲಿ ಅವರ ಗೋಲು. ಪಂದ್ಯ ಮುಗಿದದ್ದು 5-4ಕ್ಕೆ. ಆ ಎರಡರಲ್ಲಿ ಒಂದು ಕಳೆದು ನೋಡಿ. ಇಡೀ ದೇಶ 41 ವರ್ಷ ಕಾದ ಪದಕ ಅದು.

ಆದರೆ ಅವರು ಅಲ್ಲಿಗೆ ಹೋದದ್ದು ಉಳಿದವರ ಜೊತೆಯೇ ಕ್ಯಾಂಪ್ ಮಾಡಿ, ಅದೇ ಪ್ರೆಸ್ (ಚೆಂಡಿರುವ ಎದುರಾಳಿಯನ್ನು ಒತ್ತುವ ಓಟ), ಅದೇ ಪಿ.ಸಿ. ಅಭ್ಯಾಸ ಮಾಡಿ. ಟೂರ್ನಿಯ ಹಿಂದಿನ ರಾತ್ರಿ ಬಸ್ಸಿಳಿದು ಬಂದವನಿಂದ ಅದನ್ನು ನಿರೀಕ್ಷಿಸಬಾರದು. ನಿಮ್ಮ ಕ್ಲಬ್ ಇವನನ್ನು ಎಷ್ಟು ದಿನ ಮುಂಚೆ ಕರೆಸುತ್ತದೆ ಅನ್ನುವುದು ನನಗೆ ಮುಖ್ಯ. ಹತ್ತು ದಿನಕ್ಕಿಂತ ಕಡಿಮೆಯಾದರೆ ಹುಡುಗನನ್ನೇ ಆಡಿಸಿ.

ಬೇಸ್‌ಲೈನ್

ಹಳೇ ಇನ್‌ಸೈಡ್ ಲೆಫ್ಟ್ ಪ್ರೆಸ್ ಅಂದದ್ದಕ್ಕೆ ಸೇರಿಸುತ್ತೇನೆ. ಫಾರ್ವರ್ಡ್‌ನ ದಣಿವು ಸ್ಟ್ಯಾಂಡಿನಲ್ಲಿ ಕೂತವರಿಗೆ ಮೊದಲು ಕಾಣುವುದು ಅವನ ಓಟದ ಗೆರೆಯಲ್ಲಿ.

ಎದುರಾಳಿ ರೈಟ್ ಬ್ಯಾಕ್ ಹತ್ತಿರ ಚೆಂಡಿದೆ ಅಂದುಕೊಳ್ಳಿ. ನಮ್ಮ ಸೆಂಟರ್ ಫಾರ್ವರ್ಡ್ ಅವನ ಕಡೆ ನೆಟ್ಟಗೆ ಓಡಬಾರದು. ಬಿಲ್ಲಿನಂತೆ ಬಾಗಿ, ಇಬ್ಬರು ಬ್ಯಾಕ್‌ಗಳ ನಡುವೆ ಚೆಂಡು ಹೋಗುವ ದಾರಿಗೆ ಸ್ಟಿಕ್ ಅಡ್ಡ ಇಟ್ಟುಕೊಂಡು ಓಡಬೇಕು. ಆಗ ರೈಟ್ ಬ್ಯಾಕ್‌ಗೆ ಉಳಿಯುವುದು ಸೈಡ್‌ಲೈನ್ ಒಂದೇ, ಅಲ್ಲಿ ನಮ್ಮ ಲೆಫ್ಟ್ ವಿಂಗರ್ ಕಾದಿರುತ್ತಾನೆ. ಆಚೆ ಬದಿಯ ವಿಂಗರ್ ಒಳಗೆ ಸರಿದು ಮಧ್ಯ ಮುಚ್ಚುತ್ತಾನೆ. ಬಾಗಿದ ಓಟ ನೇರ ಓಟಕ್ಕಿಂತ ಐದಾರು ಮೀಟರ್ ಉದ್ದ. ದಣಿದವನು ಆ ಐದಾರು ಮೀಟರ್ ಉಳಿಸಿಕೊಳ್ಳಲು ನೆಟ್ಟಗೆ ಓಡುತ್ತಾನೆ. ನೋಡುವವರಿಗೆ ಜೋರಾಗಿ ಓಡಿದ ಹಾಗೆಯೇ ಕಾಣುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಚೆಂಡು ಮಾತ್ರ ಹಿಂದಿನಿಂದ ಆಚೆ ಬದಿಗೆ ದಾಟಿ, ನಮ್ಮ ಮಿಡ್‌ಫೀಲ್ಡ್ ಪೂರ್ತಿ ಅತ್ತ ಓಡಬೇಕಾಗುತ್ತದೆ. ಮೂರನೇ ಕ್ವಾರ್ಟರ್‌ನ ಕೊನೆಯಲ್ಲಿ ಗೋಲು ಬಿಟ್ಟುಕೊಡುವ ತಂಡಗಳ ಕಥೆ ಬಹಳ ಸಲ ಇದೇ, ಬೈಗುಳ ಮಾತ್ರ ಡಿಫೆಂಡರ್‌ಗೆ.

ಹೊಸಬನ ಗೋಲು ಎಷ್ಟು ಅಂತ ಕೇಳುವ ಬದಲು ಆರನೇ ನಿಮಿಷದಲ್ಲೂ ಬಾಗಿ ಓಡುತ್ತಾನಾ ಅಂತ ನೋಡಿ.

ಇನ್ನು ಬದಲಾವಣೆ ಮಾಡುವ ರೀತಿ. ಇಲ್ಲಿ ಕ್ಲಬ್ ತಂಡಗಳು ಎಡವುವುದು ಜಾಸ್ತಿ, ಆರು ಫಾರ್ವರ್ಡ್ ಇಟ್ಟುಕೊಂಡೂ ಲಾಭ ಸಿಗದಿರಲು ಕಾರಣವೂ ಇದೇ. ಒಳಹೋಗುವವನು, ಹೊರಬರುವವನು ಇಬ್ಬರೂ ಸೆಂಟರ್ ಲೈನಿನ 3 ಮೀಟರ್ ಒಳಗೆ, ಒಪ್ಪಿಕೊಂಡ ಒಂದೇ ಬದಿಯಲ್ಲಿ ದಾಟಬೇಕು. ಹೊರಬರುವವನು ಗೆರೆ ದಾಟಿದ ಮೇಲೆಯೇ ಇನ್ನೊಬ್ಬ ಒಳಗೆ. ಅವಸರಕ್ಕೆ ಹನ್ನೆರಡು ಜನ ಒಳಗಿದ್ದರೆ ಅಂಪೈರ್ ಸಮಯ ನಿಲ್ಲಿಸುತ್ತಾರೆ, ಕಾರ್ಡ್ ಬರಬಹುದು. ಹಸಿರು ಅಂದರೆ 2 ನಿಮಿಷ, ಹಳದಿ ಅಂದರೆ ಕನಿಷ್ಠ 5 ನಿಮಿಷ, ಅಷ್ಟು ಹೊತ್ತು ಹತ್ತೇ ಜನ.

ಮೈದಾನದ ಅಗಲ 55 ಮೀಟರ್. ಆಚೆ ಬದಿಯ ವಿಂಗರನ್ನು ನೇರವಾಗಿ ಕರೆದರೆ ಅವನು ಸುಸ್ತಾದ ಕಾಲಲ್ಲಿ ಅಷ್ಟೂ ದೂರ ಓಡಿ ಬರಬೇಕು, ಒಳಹೋಗುವವನು ಅಷ್ಟೇ ದೂರ ಹೋಗಬೇಕು. ಸುಮಾರು 20 ಸೆಕೆಂಡ್ ಆ ವಿಂಗ್ ಖಾಲಿ. ಹಾಗೆ ಮಾಡಬೇಡಿ. ಬೆಂಚಿನ ಬದಿಯ ವಿಂಗರ್ ಹೊರಗೆ ಬರಲಿ, ಸೆಂಟರ್ ಅವನ ಜಾಗಕ್ಕೆ ಸರಿಯಲಿ, ಆಚೆ ವಿಂಗರ್ ಸೆಂಟರ್‌ಗೆ ಬರಲಿ, ಹೊಸಬನಿಗೆ ಆಚೆ ವಿಂಗ್ ಬೇಕಿದ್ದರೆ ಆಟ ನಿಂತಾಗ ದಾಟಲಿ. ಇದಕ್ಕೆ ಎರಡು ಮೂರು ಜಾಗ ಆಡಬಲ್ಲವನು ಬೇಕು. ರೈಟ್ ವಿಂಗ್, ಸೆಂಟರ್ ಎರಡೂ ಆಗುತ್ತೆ ಅಂದಿರಿ, ಅದು ಈ ಸೇರ್ಪಡೆಯ ಒಳ್ಳೆಯ ಅಂಶ. ಲೆಫ್ಟ್ ವಿಂಗ್ ಆಗುತ್ತಾ ಅಂತಲೂ ವಿಚಾರಿಸಿ. ಅಲ್ಲಿ ಬಲಕ್ಕೆ ತಿರುಗಿ ಒಳಗೆ ಬರುವುದು, ಚೆಂಡನ್ನು ಮೈಯ ಬಲಬದಿಯಲ್ಲೇ ಇಟ್ಟುಕೊಳ್ಳುವುದು ಬೇರೆ ಅಭ್ಯಾಸ.

ಕರೆಯುವ ಸಮಯವೂ ನೋಡಬೇಕು. ನಮ್ಮ 23 ಮೀಟರ್ ಗೆರೆಯೊಳಗೆ ಎದುರಾಳಿಗೆ ಫ್ರೀ ಹಿಟ್ ಇರುವಾಗ ಬದಲಿಸಬೇಡಿ. ಅವರು ಸೆಲ್ಫ್ ಪಾಸ್ (ಬೇರೆಯವರಿಗೆ ಕೊಡದೆ ತಾವೇ ಚೆಂಡು ಮುಂದಕ್ಕೆ ಒಯ್ಯುವುದು) ತಗೊಂಡು ಕ್ಷಣದಲ್ಲಿ ಹೊರಡುತ್ತಾರೆ. ನಮಗೇ ಲಾಂಗ್ ಕಾರ್ನರ್ ಸಿಕ್ಕಾಗ, ಅಥವಾ ಚೆಂಡು ನಮ್ಮ ಡಿಫೆಂಡರ್‌ಗಳ ಹಿಡಿತದಲ್ಲಿ ಹಿಂದೆ ಸುತ್ತುತ್ತಿರುವಾಗ ಬದಲಿಸಿ. ಒಂದು ಹಲಗೆಯ ಮೇಲೆ ಐವರ ಹೆಸರು, ಒಳಹೋದ ನಿಮಿಷ ಬರೆಯಲು ಒಬ್ಬನನ್ನೇ ಕೂರಿಸಿ. ಕೋಚ್ ಆಟ ನೋಡುತ್ತಾ ಇದನ್ನೂ ನೆನಪಿಡುತ್ತೇನೆ ಅಂದರೆ ಎರಡನೇ ಕ್ವಾರ್ಟರ್‌ಗೇ ತಪ್ಪುತ್ತದೆ, ಚೆನ್ನಾಗಿ ಆಡುತ್ತಿರುವವನು ಒಳಗೇ ಉಳಿದುಬಿಡುತ್ತಾನೆ.

ಮಣ್ಣಿನ ಮೈದಾನ

ಇಬ್ಬರು ಇಂಜೆಕ್ಟರ್ ಬೇಕು ಅನ್ನುವ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ, ಅದು ಸರಿ. ಆದರೆ ಅದನ್ನು ಹುಡುಗನಿಗೇ ಕಲಿಸಬಹುದಿತ್ತು. ದಿನಕ್ಕೆ 50 ತಳ್ಳಿದರೆ ಒಂದು ತಿಂಗಳಲ್ಲಿ 19 ವರ್ಷದವನ ಕೈಗೆ ಅದು ಕೂರುತ್ತದೆ. ಹೊರಗಿನವನು ಸೀಸನ್ ಮುಗಿದ ಮೇಲೆ ಹೋಗುತ್ತಾನೆ, ಕಲಿತ ಹುಡುಗ ಇಲ್ಲೇ ಇರುತ್ತಾನೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಎರಡು ಒಲಿಂಪಿಕ್ಸ್ ಆಡಿದ್ದು ಚಿಕ್ಕಂದಿನಲ್ಲಿ ಯಾರೋ ಆಡಲು ಬಿಟ್ಟದ್ದರಿಂದ. ಹುಡುಗರಿಗೆ ನಿಮಿಷ ಕೊಡದೆ ಮುಂದಿನ ಸುನಿಲ್ ಬರುವುದಿಲ್ಲ. ಈ ಮಾತನ್ನು ಕಮಿಟಿಯವರ ಮುಂದೆಯೂ ಹೇಳಿ.

ಹತ್ತು ಮೀಟರ್ ಗುರುತು

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಹೊಸಬನೇ ಹುಡುಗನಿಗೆ ಕಲಿಸಲಿ. ಅಭ್ಯಾಸದ ಕೊನೆಯ 20 ನಿಮಿಷ ಇಬ್ಬರೂ ಒಟ್ಟಿಗೆ ತಳ್ಳಲಿ. ಇಂಜೆಕ್ಷನ್ ನೋಡಿ ಕಲಿಯುವ ವಿದ್ಯೆ. ಪಕ್ಕದಲ್ಲಿ ನಿಂತು ಪಾದ ಎಲ್ಲಿದೆ, ಸ್ಟಿಕ್ ಎಲ್ಲಿ ಬಿಟ್ಟಿತು ಅಂತ ನೋಡದೆ ಬರುವುದಿಲ್ಲ.

ಗೋಣಿಕೊಪ್ಪ ಬ್ಲೂ

ಎಲ್ಲರಿಗೂ ಧನ್ಯವಾದ. ಮ್ಯಾನೇಜರ್ ಹತ್ತಿರ ಮಾತಾಡಿದೆ. ಹೊಸಬ ಎರಡು ವಾರ ಮುಂಚೆ ಬರುತ್ತಾನಂತೆ. ಈ ಭಾನುವಾರ ಪೊನ್ನಂಪೇಟೆ ಟರ್ಫ್‌ನಲ್ಲಿ ಅಭ್ಯಾಸ ಇದೆ, ನೋಡಲು ನಮ್ಮನ್ನೂ ಕರೆದಿದ್ದಾರೆ. ಹುಡುಗನೂ ಇರುತ್ತಾನೆ. ಇಬ್ಬರನ್ನೂ ಒಂದೇ ಅಳತೆಯಲ್ಲಿ ನೋಡಬೇಕು ಅಂದರೆ ಏನೇನು ಮಾಡಿಸಬೇಕು?

ಬೇಸ್‌ಲೈನ್

ದೊಡ್ಡದೇನೂ ಬೇಡ, ಒಂದು ಸ್ಟಾಪ್‌ವಾಚ್ ಮತ್ತು ನಾಲ್ಕು ಕೋನ್ ಸಾಕು. 30 ಮೀಟರ್ ಬಾಗಿದ ಓಟ, ಸ್ಟಿಕ್ ನೆಲದ ಹತ್ತಿರ ಹಿಡಿದು, ಆರು ಸಲ, ನಡುವೆ 20 ಸೆಕೆಂಡ್ ಬಿಡುವು. ಮೊದಲನೆಯದನ್ನು ಬಿಡಿ, ಎಲ್ಲರೂ ಚೆನ್ನಾಗಿ ಓಡುತ್ತಾರೆ. ಆರನೆಯದು ಮೊದಲನೆಯದಕ್ಕಿಂತ ಅರ್ಧ ಸೆಕೆಂಡಿಗೂ ಹೆಚ್ಚು ನಿಧಾನವಾದರೆ ಆರು ನಿಮಿಷದ ಸರದಿಗೆ ಅವನು ತಯಾರಿಲ್ಲ, ನಾಲ್ಕು ನಿಮಿಷಕ್ಕೆ ಕರೆಯಬೇಕು. ಕೊನೆಯ ಓಟದಲ್ಲಿ ಸ್ಟಿಕ್ ಸೊಂಟದ ಮೇಲಕ್ಕೆ ಬಂತಾ ಅಂತಲೂ ನೋಡಿ.

ಆ ಓಟ ಮುಗಿದ ಕೂಡಲೇ, ಉಸಿರು ಏರಿರುವಾಗಲೇ ಇಂಜೆಕ್ಷನ್ ಮಾಡಿಸಿ. ವಿಶ್ರಾಂತಿ ಆದ ಮೇಲೆ ಮಾಡಿಸಿದರೆ ಏನೂ ಗೊತ್ತಾಗುವುದಿಲ್ಲ, ಪಿ.ಸಿ. ಸಿಗುವುದು ಓಡಿ ದಣಿದಾಗಲೇ.

ಹತ್ತು ಮೀಟರ್ ಗುರುತು

ಇಂಜೆಕ್ಷನ್ 20. ಸ್ಟಾಪರ್ ಕಾಲು ಕದಲಿಸದೆ ತಡೆಯಬಹುದಾದದ್ದನ್ನು ಮಾತ್ರ ಎಣಿಸಿ. 16 ದಾಟಿದರೆ ಪಂದ್ಯಕ್ಕೆ ಆಗುತ್ತದೆ. 12ರ ಆಸುಪಾಸಾದರೆ ಎರಡು ವಾರದಲ್ಲಿ ಸರಿಯಾಗುತ್ತದೆ. ಹುಡುಗನಿಗೆ 8 ಬಂದರೂ ಬೇಸರ ಬೇಡ, ಅವನು ಕಲಿಯುತ್ತಿರುವವನು.

ತಳ್ಳಿದ ಮೇಲೆ ಏನು ಮಾಡುತ್ತಾನೆ ಅಂತಲೂ ನೋಡಿ. ಚೆಂಡು ಹೋದ ಕೂಡಲೇ ಇಂಜೆಕ್ಟರ್ ಹತ್ತಿರದ ಕಂಬದ ಕಡೆ ಎರಡು ಮೂರು ಹೆಜ್ಜೆ ಒಳಗೆ ಬಂದು ಸ್ಟಿಕ್ ನೆಲದ ಮೇಲಿಟ್ಟು ನಿಲ್ಲಬೇಕು. ಗೋಲ್‌ಕೀಪರ್ ಪ್ಯಾಡಿಗೆ ಬಡಿದು ಬಂದ ಚೆಂಡು ಅಥವಾ ಹೊರಗಿನಿಂದ ಜಾರಿಸಿ ಕೊಟ್ಟ ಪಾಸ್ ಅಲ್ಲಿಗೇ ಬರುತ್ತದೆ. ತಳ್ಳಿ ನಿಂತು ನೋಡುವವನು ಅರ್ಧ ಇಂಜೆಕ್ಟರ್.

ಹಳೇ ಇನ್‌ಸೈಡ್ ಲೆಫ್ಟ್

ಶೂಟೌಟ್ ಮರೆಯಬೇಡಿ. ನಾಕೌಟ್ ಇದು, ಸಮವಾದರೆ ಅಲ್ಲಿಗೇ ಹೋಗುತ್ತದೆ. 23 ಮೀಟರ್ ಗೆರೆಯಿಂದ 8 ಸೆಕೆಂಡ್, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಇಬ್ಬರಿಗೂ ಐದೈದು ಅವಕಾಶ ಕೊಡಿ. ನಾಲ್ಕು ಸೆಕೆಂಡಿಗೇ ಹೊಡೆದುಬಿಡುವವನಿಗಿಂತ ಆರನೇ ಸೆಕೆಂಡಿನವರೆಗೆ ಚೆಂಡು ಹಿಡಿದು ಕೀಪರನ್ನು ಮಲಗಿಸುವವನು ಬೇಕು. ಟೂರ್ನಿಯ ಮ್ಯಾನೇಜರ್‌ಗಳ ಸಭೆಯಲ್ಲಿ ಮೂರು ವಿಷಯ ಕೇಳಿ ಬರಸಿಕೊಳ್ಳಿ: ಪಂದ್ಯದ ಪಟ್ಟಿಗೆ 16 ಹೆಸರೋ 18 ಹೆಸರೋ, ಬದಲಿ ಯಾವ ಬದಿಯಿಂದ, ಸಮವಾದರೆ ಶೂಟೌಟೋ ಪೆನಾಲ್ಟಿ ಸ್ಟ್ರೋಕೋ. ಪಟ್ಟಿಗೆ 16 ಮಾತ್ರ ಅಂದರೆ ಆರನೇ ಫಾರ್ವರ್ಡ್‌ನ ಮಾತು ಪೂರ್ತಿ ಬದಲಾಗುತ್ತದೆ. ಆಗ ಪ್ರತಿ ಪಂದ್ಯಕ್ಕೆ ಇಬ್ಬರು ಹೊರಗೆ ಕೂರಬೇಕು, ಎರಡನೇ ಗೋಲ್‌ಕೀಪರನ್ನು ಬಿಡಲು ಯಾವ ಕೋಚೂ ಒಪ್ಪುವುದಿಲ್ಲ.

ಮಣ್ಣಿನ ಮೈದಾನ

ಟರ್ಫ್‌ನಲ್ಲಿ ಮಾತ್ರ ನೋಡಿ ತೀರ್ಮಾನ ಮಾಡಬೇಡಿ ಅಂತ ನನ್ನ ಕೋರಿಕೆ. ಭಾನುವಾರ ಅಭ್ಯಾಸ ಆದ ಮೇಲೆ ಹೊಸಬನನ್ನು ಶಾಲಾ ಮೈದಾನವೊಂದಕ್ಕೆ ಅರ್ಧ ಗಂಟೆ ಕರೆದುಕೊಂಡು ಹೋಗಿ. 15 ಮೀಟರ್ ದೂರದಿಂದ 20 ಚೆಂಡು ಜೋರಾಗಿ ಕೊಡಿ, ಹತ್ತು ಎಡಬದಿಗೆ, ಹತ್ತು ಬಲಬದಿಗೆ. ಮೊದಲ ಟಚ್‌ನಲ್ಲಿ ಒಂದು ಮೀಟರ್ ಒಳಗೆ ನಿಂತದ್ದು ಎಷ್ಟು ಅಂತ ಬರೆದು ಇಲ್ಲಿ ಹಾಕಿ. ಮಣ್ಣಿಗೆ ಬೇರೆ ಸ್ಟಿಕ್, ಸ್ಟಡ್ ಇರುವ ಶೂ ತರಲು ಈಗಲೇ ಫೋನ್ ಮಾಡಿ ಹೇಳಿಬಿಡಿ. ಬಸ್ ಹತ್ತಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಗೋಣಿಕೊಪ್ಪ ಬ್ಲೂ

ಸ್ಟಿಕ್, ಶೂ ವಿಷಯ ಈಗ ಮ್ಯಾನೇಜರ್‌ಗೆ ಕಳಿಸಿದೆ. ಪಟ್ಟಿಗೆ 18 ಹೆಸರು ಅಂತ ಖಚಿತವಾಯಿತು. ಓಟ, ಇಂಜೆಕ್ಷನ್, ಶೂಟೌಟ್, ಮಣ್ಣಿನ ಟಚ್, ನಾಲ್ಕೂ ಅಂಕಿ ಭಾನುವಾರ ಸಂಜೆ ಇಬ್ಬರದೂ ಪಕ್ಕಪಕ್ಕ ಬರೆದು ಹಾಕುತ್ತೇನೆ, ಹೆಸರಿಲ್ಲದೆ.